ಪೊಲೀಸ್ ನಾಯಿ ಬಾಗಿಲ ಮುಂದೆ ನಿಂತ ಮಾತ್ರಕ್ಕೆ ಆ ಮನೆಯವನು ಕಳ್ಳನಾ? ಥ್ರಿಲ್ಲರ್‌ಗಳು ಹೇಳೋದು ಒಂದು, ನಮ್ಮ ಜಿಲ್ಲೆಯಲ್ಲಿ ಆಗಿದ್ದು ಇನ್ನೊಂದು

ದಾವಣಗೆರೆ: ರಾತ್ರಿ ಅಂಗಡಿ ಶಟರ್ ಎಳೆದು, ಊಟ ಮುಗಿಸಿ, ಮೊಬೈಲ್‌ನಲ್ಲಿ ಕ್ರೈಂ ಥ್ರಿಲ್ಲರ್ ನೋಡುವವರು ಈಗ ನಮ್ಮ ತಾಲೂಕುಗಳಲ್ಲೂ ಬೇಕಾದಷ್ಟು ಜನ ಇದ್ದಾರೆ. ಈ ಕಥೆಗಳಲ್ಲಿ ಪೊಲೀಸ್ ನಾಯಿಗೂ ಅದನ್ನು ಸಾಕಿ ಪಳಗಿಸುವ ಹ್ಯಾಂಡ್ಲರ್‌ಗೂ ದೊಡ್ಡ ಪಾತ್ರ ಸಿಗುತ್ತಿದೆ. 2025ರ ಜೂನ್‌ನಲ್ಲಿ ಬಂದ ಮಲಯಾಳಂನ ‘ಕೇರಳ ಕ್ರೈಂ ಫೈಲ್ಸ್’ ಎರಡನೇ ಸೀಸನ್ ನೋಡಿದವರಿಗೆ ಗೊತ್ತು. ಕಾಣೆಯಾದ ಒಬ್ಬ ಪೊಲೀಸ್ ಪೇದೆಯನ್ನು ಹುಡುಕುತ್ತಾ ಹೋದ ಕಥೆ ಕೊನೆಗೆ ಶ್ವಾನ ದಳದ ಒಳಗಿನ ಬದುಕಿಗೆ ಬಂದು ಮುಟ್ಟುತ್ತದೆ. ಇಂಗ್ಲಿಷ್‌ನಲ್ಲಂತೂ ಇದಕ್ಕೇ ಮೀಸಲಾದ ಕಾದಂಬರಿಗಳ ಸಾಲೇ ಇದೆ. ಅಮೆರಿಕದ ರಾಬರ್ಟ್ ಕ್ರೇಸ್ 2013ರಲ್ಲಿ ಬರೆದ ‘ಸಸ್ಪೆಕ್ಟ್’ನಲ್ಲಿ ಜೊತೆಗಾರ್ತಿಯನ್ನು ಕಳೆದುಕೊಂಡ ಒಬ್ಬ ಪೊಲೀಸ್, ಯುದ್ಧದಲ್ಲಿ ತನ್ನ ಹ್ಯಾಂಡ್ಲರ್‌ನನ್ನು ಕಳೆದುಕೊಂಡ ಒಂದು ನಾಯಿ, ಇಬ್ಬರೂ ಸೇರಿ ಕೊಲೆಗಾರರ ಬೆನ್ನು ಹತ್ತುತ್ತಾರೆ.

ಮನರಂಜನೆಗೆ ಇದೆಲ್ಲ ಚೆನ್ನಾಗಿದೆ. ಆದರೆ ನೋಡಿ ನೋಡಿ ನಮ್ಮ ತಲೆಯಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಕೂತಿದೆ. ನಾಯಿ ಬಂತು ಅಂದ್ರೆ ಕಳ್ಳ ಸಿಕ್ಕ ಹಾಗೇ, ಅದು ಯಾರ ಬಾಗಿಲಲ್ಲಿ ನಿಂತಿತೋ ಅವನದ್ದೇ ಕೆಲಸ ಅಂತ. ಈ ನಂಬಿಕೆಯಿಂದ ಇಬ್ಬರಿಗೆ ನಷ್ಟ. ಒಬ್ಬ ಮಾಲು ಕಳೆದುಕೊಂಡ ಅಂಗಡಿಯವನು. ಇನ್ನೊಬ್ಬ ಏನೂ ಮಾಡದಿದ್ದರೂ ಕಳ್ಳ ಅನ್ನಿಸಿಕೊಳ್ಳುವ ಪಕ್ಕದ ಬೀದಿಯವನು.

ಒಂದೇ ವರ್ಷ, ಎರಡು ಪ್ರಕರಣ

ದೂರ ಹೋಗುವುದು ಬೇಡ, ನಮ್ಮ ಜಿಲ್ಲೆಯದ್ದೇ ಎರಡು ಪ್ರಕರಣ ನೋಡೋಣ. ಎರಡೂ 2024ರವು.

ಆ ವರ್ಷ ಜುಲೈನಲ್ಲಿ ಚನ್ನಗಿರಿ ತಾಲೂಕಿನ ಸಂತೇಬೆನ್ನೂರು ಭಾಗದಲ್ಲಿ ಒಂದು ಕೊಲೆ ಆಯಿತು. ಜಿಲ್ಲಾ ಶ್ವಾನ ದಳದ ‘ತುಂಗಾ-2’ ಅಲ್ಲಿಂದ ಜಾಡು ಹಿಡಿದು ಸುಮಾರು 8 ಕಿ.ಮೀ. ಓಡಿ ಒಂದು ಮನೆ ಹತ್ತಿರ ನಿಂತಿತು. ಒಳಗಿಂದ ಹೆಂಗಸಿನ ಕೂಗು ಕೇಳುತ್ತಿತ್ತು. ಪೊಲೀಸರು ಒಳಗೆ ಹೋಗಿ ಗಂಡನ ಹೊಡೆತಕ್ಕೆ ಸಿಕ್ಕಿ ಸಾಯುವ ಸ್ಥಿತಿಯಲ್ಲಿದ್ದ ಆಕೆಯನ್ನು ಉಳಿಸಿದರು, ಆರೋಪಿಯನ್ನೂ ಹಿಡಿದರು. ಇದಕ್ಕೂ ಮೊದಲು ಇದ್ದ ಡಾಬರ್‌ಮನ್ ‘ತುಂಗಾ’ ಎಷ್ಟೋ ಪ್ರಕರಣಗಳಲ್ಲಿ ಹೆಸರು ಮಾಡಿತ್ತು, ಅದರ ಹೆಸರನ್ನೇ ಇದಕ್ಕೂ ಇಟ್ಟಿದ್ದು. ಸಿನಿಮಾದವರು ಬರೆದಿದ್ದರೂ ಇದಕ್ಕಿಂತ ಚೆನ್ನಾಗಿ ಬರೆಯಲು ಆಗುತ್ತಿರಲಿಲ್ಲ.

ಮೂರು ತಿಂಗಳ ನಂತರ ನ್ಯಾಮತಿಯ ಎಸ್‌ಬಿಐ ಶಾಖೆ ದರೋಡೆ. ಶನಿವಾರ, ಭಾನುವಾರದ ರಜೆ ಮುಗಿದು ಅಕ್ಟೋಬರ್ 28ರ ಸೋಮವಾರ ಸಿಬ್ಬಂದಿ ಬಂದು ನೋಡಿದರೆ, ಗ್ರಾಹಕರು ಅಡವಿಟ್ಟಿದ್ದ 17 ಕೆ.ಜಿ.ಗೂ ಹೆಚ್ಚು ಚಿನ್ನ ಇಲ್ಲ. ಬೆಲೆ ಸುಮಾರು 13 ಕೋಟಿ ರೂಪಾಯಿ. ಕಳ್ಳರು ಕಿಟಕಿ ಸರಳು ತೆಗೆದು ಒಳಗೆ ಬಂದಿದ್ದರು, ಸಿಸಿಟಿವಿಯ ಡಿವಿಆರ್ ಹೊತ್ತೊಯ್ದಿದ್ದರು, ಸುಳಿವು ಸಿಗಬಾರದು ಅಂತ ಖಾರದಪುಡಿ ಎರಚಿ ಹೋಗಿದ್ದರು. ಇದಕ್ಕೆ ‘ಮನಿ ಹೈಸ್ಟ್’ ವೆಬ್ ಸರಣಿ ಪ್ರೇರಣೆ ಅಂತ ಆಮೇಲೆ ಪೊಲೀಸರೇ ಹೇಳಿದರು. ಥ್ರಿಲ್ಲರ್‌ಗಳನ್ನು ನಾವಷ್ಟೇ ನೋಡುತ್ತಿಲ್ಲ, ಕಳ್ಳರೂ ನೋಡುತ್ತಿದ್ದಾರೆ!

ಆ ಚಿನ್ನ ಸಿಕ್ಕಿದ್ದು 2025ರ ಮಾರ್ಚ್‌ನಲ್ಲಿ, ತಮಿಳುನಾಡಿನ ಮಧುರೈ ಜಿಲ್ಲೆ ಉಸಿಲಂಪಟ್ಟಿ ಕಡೆಯ ಒಂದು ಬಾವಿಯಲ್ಲಿ. ಅಲ್ಲಿಗೆ ತಲುಪಿಸಿದ್ದು ನಾಯಿಯ ಓಟ ಅಲ್ಲ, ಪೊಲೀಸರು ಐದು ತಿಂಗಳು ತಾಳ್ಮೆಯಿಂದ ಮಾಡಿದ ತನಿಖೆ.

ಸಂತೇಬೆನ್ನೂರಿನಲ್ಲಿ ಕೊಲೆ ಆಗಿ ಹೆಚ್ಚು ಹೊತ್ತಾಗಿರಲಿಲ್ಲ, ಜಾಡು ಹಸಿಯಾಗಿತ್ತು, ಆರೋಪಿ ನಾಯಿ ಓಡಿ ಮುಟ್ಟಬಹುದಾದಷ್ಟು ದೂರದಲ್ಲೇ ಇದ್ದ. ನ್ಯಾಮತಿಯಲ್ಲಿ ವಿಷಯ ಗೊತ್ತಾಗುವ ಹೊತ್ತಿಗೆ ರಜೆಯ ದಿನಗಳೇ ಕಳೆದಿದ್ದವು, ಮೇಲಿಂದ ಖಾರದಪುಡಿ ಬೇರೆ. ನಾಯಿ ಎಷ್ಟೇ ಜಾಣ ಇದ್ದರೂ ಇಂಥ ಕಡೆ ಅದರ ಕೆಲಸಕ್ಕೆ ಮಿತಿ ಇದೆ.

ಮೂಗು ಮಾಡುವ ಕೆಲಸ

ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು ಸುಮಾರು 60 ಲಕ್ಷ, ನಾಯಿಗೆ 30 ಕೋಟಿವರೆಗೂ ಇರುತ್ತವೆ ಅಂತ ಅಂದಾಜು. ಮನುಷ್ಯ ನಡೆದಾಡುವಾಗ ಮೈಯಿಂದ ಕಣ್ಣಿಗೆ ಕಾಣದ ಚರ್ಮದ ಕಣಗಳು ಉದುರುತ್ತಲೇ ಇರುತ್ತವೆ. ಬೆವರಿನ ಜೊತೆ ಸೇರಿ ಅದೇ ಅವನ ವಾಸನೆ. ನೆಲ ತಂಪಾಗಿ ತೇವ ಇದ್ದರೆ ಈ ಜಾಡು ಹೆಚ್ಚು ಹೊತ್ತು ಉಳಿಯುತ್ತದೆ. ಬಿಸಿಲು ಏರಿ, ಟಾರು ಕಾದು, ಗಾಡಿ ಓಡಾಟ ಶುರುವಾದರೆ ಬೇಗ ಹಾಳಾಗುತ್ತದೆ.

ಕಳ್ಳ ಬೈಕ್ ಹತ್ತಿದರೆ ಜಾಡು ಬಹುಮಟ್ಟಿಗೆ ಅಲ್ಲಿಗೇ ಮುಗಿಯಿತು. ಎಷ್ಟೋ ಸಲ ನಾಯಿ ಬಸ್ ಸ್ಟ್ಯಾಂಡ್‌ವರೆಗೋ ರಸ್ತೆ ತಿರುವಿನವರೆಗೋ ಬಂದು ಸುಮ್ಮನಾಗುವುದು ಇದಕ್ಕೇ. ನೋಡುತ್ತಾ ನಿಂತ ಜನ ‘ನಾಯಿ ಫೇಲಾಯ್ತು’ ಅಂತಾರೆ. ಫೇಲಲ್ಲ. ಕಳ್ಳ ಇಲ್ಲಿಂದ ಗಾಡಿ ಹತ್ತಿರಬಹುದು ಅನ್ನೋದೇ ದೊಡ್ಡ ಸುಳಿವು. ಯಾವ ಅಂಗಡಿಯ ಸಿಸಿಟಿವಿ ನೋಡಬೇಕು ಅಂತ ಪೊಲೀಸರಿಗೆ ಅಲ್ಲಿಂದ ಗೊತ್ತಾಗುತ್ತದೆ.

ಇನ್ನೊಂದು ವಿಷಯ. ಎಲ್ಲ ನಾಯಿಗೂ ಎಲ್ಲ ಕೆಲಸ ಬರುವುದಿಲ್ಲ. ಜಾಡು ಹಿಡಿಯುವ ನಾಯಿ ಬೇರೆ, ಬಾಂಬ್ ಪತ್ತೆ ಮಾಡುವುದು ಬೇರೆ, ಮಣ್ಣಿನಡಿಯ ಶವ ಹುಡುಕುವುದು ಬೇರೆ. 2024ರ ಜುಲೈನಲ್ಲಿ ವಯನಾಡಿನ ಗುಡ್ಡ ಕುಸಿದಾಗ ಕೇರಳ ಪೊಲೀಸರ ಮಾಯಾ, ಮರ್ಫಿ ಎಂಬ ನಾಯಿಗಳು ಹೋಗಿದ್ದು ಶವ ಪತ್ತೆಗೆ. 2023ರ ಫೆಬ್ರುವರಿಯಲ್ಲಿ ಟರ್ಕಿ ಭೂಕಂಪದ ವೇಳೆ ನಮ್ಮ ಎನ್‌ಡಿಆರ್‌ಎಫ್ ನಾಯಿ ಜೂಲಿ ಹುಡುಕಿದ್ದು ಅವಶೇಷದ ಕೆಳಗೆ ಜೀವ ಹಿಡಿದುಕೊಂಡಿದ್ದ ಆರು ವರ್ಷದ ಹುಡುಗಿಯನ್ನು. ಅಲ್ಲೂ ಜೂಲಿ ಬೊಗಳಿದ ಕೂಡಲೇ ಎಲ್ಲರೂ ಅಗೆಯಲು ಶುರು ಮಾಡಲಿಲ್ಲ. ರೋಮಿಯೋ ಎಂಬ ಎರಡನೇ ನಾಯಿಯನ್ನು ಬಿಟ್ಟು ಖಾತ್ರಿ ಮಾಡಿಕೊಂಡರು. ಜೀವ ಉಳಿಸುವ ತುರ್ತಿನಲ್ಲೇ ಒಂದು ನಾಯಿಯ ಮಾತಿಗೆ ಇನ್ನೊಂದು ನಾಯಿಯ ಸಾಕ್ಷಿ ಕೇಳುತ್ತಾರೆ. ಹಾಗಿರುವಾಗ ಒಬ್ಬ ಮನುಷ್ಯನನ್ನು ಕಳ್ಳ ಅಂತ ಕರೆಯುವ ಮುಂಚೆ ಎಷ್ಟು ಸಲ ಯೋಚಿಸಬೇಕು?

ಥ್ರಿಲ್ಲರ್‌ಗಳು ಸರಿಯಾಗಿ ಹೇಳುವ ಒಂದು ಮಾತು

ನಾಯಿ ಮತ್ತು ಹ್ಯಾಂಡ್ಲರ್ ಇಬ್ಬರೂ ಸೇರಿದರೆ ಮಾತ್ರ ಒಂದು ಜೋಡಿ ಅನ್ನೋದನ್ನು ಈ ಕಥೆಗಳು ಚೆನ್ನಾಗಿ ಹಿಡಿದಿವೆ. ಬೆಳಿಗ್ಗೆ ತರಬೇತಿಯಿಂದ ರಾತ್ರಿ ಊಟದವರೆಗೂ ಜೊತೆಗಿರುವ ವ್ಯಕ್ತಿಗೆ ಮಾತ್ರ ಅದರ ಬಾಲ, ಕಿವಿ, ಉಸಿರಿನ ಭಾಷೆ ಅರ್ಥ ಆಗುತ್ತದೆ. ನಾಯಿಗೆ ನಿಜವಾಗಿ ಜಾಡು ಸಿಕ್ಕಿದೆಯಾ, ದಣಿದು ನಿಂತಿದೆಯಾ, ಬೀದಿ ನಾಯಿ ನೋಡಿ ಗಮನ ತಪ್ಪಿದೆಯಾ ಅಂತ ಹೇಳಬಲ್ಲವರು ಅವರೊಬ್ಬರೇ. ಸುತ್ತ ನೂರು ಜನ ಮೊಬೈಲ್ ಹಿಡಿದು ‘ಅಲ್ಲೋಯ್ತು, ಇಲ್ಲೋಯ್ತು’ ಅಂತ ಕೂಗುತ್ತಿದ್ದರೆ ಅವರಿಗೂ ಕಷ್ಟ, ನಾಯಿಗೂ ಕಷ್ಟ.

ಕೋರ್ಟ್ ಏನನ್ನುತ್ತೆ?

ತೆರೆ ಮೇಲೆ ನಾಯಿ ಬೊಗಳಿದರೆ ಕಥೆ ಮುಗಿಯಿತು. ಕೋರ್ಟ್‌ನಲ್ಲಿ ಹಾಗಲ್ಲ. 2001ರಲ್ಲಿ ಆಂಧ್ರಪ್ರದೇಶದ ಒಂದು ಕೊಲೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ವಿಷಯವನ್ನು ವಿವರವಾಗಿ ನೋಡಿದೆ. ನಾಯಿ ಕಟಕಟೆಗೆ ಬಂದು ಸಾಕ್ಷಿ ಹೇಳಲಾರದು, ಅದರ ಪರವಾಗಿ ಹ್ಯಾಂಡ್ಲರ್ ಹೇಳಬೇಕು. ನಾಯಿ ತಪ್ಪು ಮಾಡುವ ಸಾಧ್ಯತೆಯೂ ಇದ್ದೇ ಇದೆ. ಆದ್ದರಿಂದ ತನಿಖೆಗೆ ದಾರಿ ತೋರಿಸಲು ನಾಯಿಯನ್ನು ಬಳಸಿಕೊಳ್ಳಬಹುದು, ಆದರೆ ಅಪರಾಧ ಸಾಬೀತು ಮಾಡಲು ಅದನ್ನು ಬಲವಾದ ಸಾಕ್ಷ್ಯ ಅಂತ ನೆಚ್ಚಿಕೊಳ್ಳಲು ಆಗದು. ಇದು ಆ ತೀರ್ಪಿನ ಸಾರ. 2008ರಲ್ಲಿ ಅಸ್ಸಾಂನ ಒಂದು ಪ್ರಕರಣದಲ್ಲೂ ಇದೇ ನಿಲುವು ಬಂದಿದೆ.

ಕೋರ್ಟ್ ಇಷ್ಟು ಎಚ್ಚರ ವಹಿಸುವ ಕಡೆ ನಮ್ಮ ಬೀದಿ ಎಚ್ಚರ ವಹಿಸುವುದಿಲ್ಲ. ನಾಯಿ ಒಂದು ಜಗಲಿ ಮುಂದೆ ನಿಂತ ವಿಡಿಯೋ ಹತ್ತು ನಿಮಿಷದಲ್ಲಿ ಊರಿನ ಎಲ್ಲ ವಾಟ್ಸಾಪ್ ಗುಂಪಿಗೆ ಹೋಗಿರುತ್ತದೆ. ಕಳ್ಳ ಆ ಜಗಲಿ ಮೇಲೆ ಕೂತು ಬೀಡಿ ಸೇದಿ ಹೋಗಿರಬಹುದು. ಅಥವಾ ನಾಯಿಗೆ ಮೂಸಲು ಕೊಟ್ಟ ವಸ್ತುವನ್ನು ಆ ಮನೆಯವನು ಹಿಂದಿನ ದಿನ ಗಿರಾಕಿಯಾಗಿ ಬಂದು ಮುಟ್ಟಿರಬಹುದು.

ಎಲ್ಲಕ್ಕಿಂತ ಹೆಚ್ಚು ಕಷ್ಟಕ್ಕೆ ಸಿಕ್ಕುವುದು ಅಂಗಡಿಯ ಕೆಲಸದ ಹುಡುಗ. ದಿನಾ ಬೆಳಿಗ್ಗೆ ಶಟರ್ ಎತ್ತುವವನು, ಕಸ ಗುಡಿಸುವವನು, ಗಲ್ಲಾ ಪಕ್ಕ ಓಡಾಡುವವನು ಅವನೇ. ಅವನ ವಾಸನೆ ಅಂಗಡಿಯಲ್ಲಿ ಇಲ್ಲದೆ ಇನ್ನೆಲ್ಲಿರುತ್ತೆ? ನಾಯಿ ಅವನ ಮನೆ ಕಡೆ ತಿರುಗಿತು ಅಂದ ಮಾತ್ರಕ್ಕೆ ಕೆಲಸದಿಂದ ತೆಗೆದರೆ, ಆಮೇಲೆ ನಿಜವಾದ ಕಳ್ಳ ಸಿಕ್ಕಿದರೂ ಹೋದ ಮರ್ಯಾದೆ ವಾಪಸ್ ಬರುವುದಿಲ್ಲ. ಬೇರೆ ಅಂಗಡಿಯವರು ಅವನನ್ನು ಕೆಲಸಕ್ಕೆ ಇಟ್ಟುಕೊಳ್ಳುವುದೂ ಇಲ್ಲ.

ಅಂಗಡಿಯವರು ಮಾಡಬೇಕಾದ್ದು

ಶ್ವಾನ ದಳ ಇರುವುದು ಜಿಲ್ಲಾ ಕೇಂದ್ರದಲ್ಲಿ. ಜಗಳೂರು, ಚನ್ನಗಿರಿ, ನ್ಯಾಮತಿ ಕಡೆ ಬರಲು ಹೊರಟ ಮೇಲೂ ಒಂದು ಗಂಟೆಯಾದರೂ ಬೇಕು. ಆ ಸಮಯದಲ್ಲಿ ಜಾಡು ಉಳಿಯುವುದೋ ಹೋಗುವುದೋ ಬಹುಪಾಲು ನಮ್ಮ ಕೈಯಲ್ಲೇ ಇದೆ.

ಬೀಗ ಮುರಿದಿದ್ದು ಕಂಡರೆ ಮೊದಲು 112ಕ್ಕೆ ಅಥವಾ ಠಾಣೆಗೆ ಫೋನ್ ಮಾಡಿ. ಏನೇನು ಹೋಗಿದೆ ಅಂತ ನೋಡುವ ಆತುರಕ್ಕೆ ಒಳಗೆ ಹೋಗಬೇಡಿ. ಅರ್ಧ ಎತ್ತಿದ ಶಟರ್ ಹಾಗೇ ಇರಲಿ, ಪೂರ್ತಿ ಎತ್ತಿದರೆ ಬೆರಳಚ್ಚೂ ಅಳಿಸುತ್ತದೆ.

ಬಾಗಿಲಿಗೆ ನೀರು ಹಾಕಿ ಗುಡಿಸುವುದು ನಮ್ಮ ರೂಢಿ. ಆ ಒಂದು ದಿನ ಬೇಡ. ಕಳ್ಳ ಬಿಟ್ಟು ಹೋದ ಚಪ್ಪಲಿ, ಟವೆಲ್, ಕಬ್ಬಿಣದ ರಾಡು ಕಂಡರೆ ಕೈಯಲ್ಲಿ ಎತ್ತಬೇಡಿ, ನಾಯಿಗೆ ಮೂಸಲು ಬೇಕಾಗುವುದು ಅದೇ.

ಅಕ್ಕಪಕ್ಕದವರು ಸೇರುವುದು ಸಹಜ. ಅಂಗಡಿ ಮುಂದೆ ಎರಡು ಬೆಂಚು ಅಡ್ಡ ಇಟ್ಟು ‘ಈ ಕಡೆ ಬರಬೇಡ್ರಪ್ಪ’ ಅಂತ ಹೇಳಿ. ಅಷ್ಟರಲ್ಲಿ ಯಾರಾದರೂ ಒಳಗೆ ಹೋಗಿ ಬಂದಿದ್ದರೆ ಅವರ ಹೆಸರು ಪೊಲೀಸರಿಗೆ ಕೊಡಿ. ಹಿಂದಿನ ದಿನ ಯಾರು ಯಾರು ಕೆಲಸಕ್ಕೆ ಬಂದಿದ್ದರು, ಎಲ್ಲೆಲ್ಲಿ ಓಡಾಡಿದ್ದರು ಅಂತ ಹ್ಯಾಂಡ್ಲರ್‌ಗೆ ಮೊದಲೇ ಹೇಳಿ. ನಿಮ್ಮ ಹುಡುಗನನ್ನು ಸುಮ್ಮನೆ ಬರುವ ಅನುಮಾನದಿಂದ ಉಳಿಸುವ ದಾರಿಯೂ ಇದೇ.

ನ್ಯಾಮತಿ ಪ್ರಕರಣದಿಂದ ಕಲಿಯುವ ಪಾಠ ಇನ್ನೊಂದಿದೆ. ಕ್ಯಾಮೆರಾ ಇದ್ದರೆ ಸಾಲದು. ಡಿವಿಆರ್ ಗಲ್ಲಾ ಪಕ್ಕದಲ್ಲೇ ಎದ್ದು ಕಾಣುವಂತೆ ಇಟ್ಟರೆ ಕಳ್ಳ ಅದನ್ನೂ ಹೊತ್ತೊಯ್ಯುತ್ತಾನೆ. ಬೇರೆ ಕಡೆ ಬೀಗದೊಳಗೆ ಇಡಿ, ಆಗುವುದಾದರೆ ದೃಶ್ಯಗಳು ಆನ್‌ಲೈನ್‌ನಲ್ಲೂ ಉಳಿಯುವ ಹಾಗೆ ಮಾಡಿಸಿ.

ನಾಯಿ ಬಂದಾಗ ವಿಡಿಯೋ ಮಾಡಿದರೂ ಯಾರ ಮನೆ ಬಾಗಿಲೂ ಕಾಣುವಂತೆ ಗುಂಪಿಗೆ ಹಾಕಬೇಡಿ. ಈ ಮಾತು ಸುದ್ದಿ ಮಾಡುವ ನಮ್ಮಂಥವರಿಗೂ ಅನ್ವಯ. ನಾಯಿ ಇಂಥ ಬೀದಿವರೆಗೆ ಹೋಯಿತು ಅಂತ ಬರೆಯಬಹುದು, ಇಂಥವರ ಮನೆ ಮುಂದೆ ನಿಂತಿತು ಅಂತ ಬರೆಯಬಾರದು. ಪೊಲೀಸರು ಬೇರೆ ಸಾಕ್ಷ್ಯ ಸೇರಿಸಿ ಆರೋಪಿ ಅಂತ ಹೇಳುವವರೆಗೆ ಆ ಬಾಗಿಲ ಹಿಂದೆ ಇರುವವರೂ ನಮ್ಮ ನಿಮ್ಮ ಹಾಗೆ ಊರಿನವರೇ.