ಡ್ರೈವರ್ ಇಲ್ಲ ಅಂದಮಾತ್ರಕ್ಕೆ ಸರ್ವರ್ ಸತ್ತಿಲ್ಲ ಸ್ವಾಮೀ!

ಭಿವಂಡಿಯಲ್ಲಿ 'ಡ್ರೈವರ್ ಇಲ್ಲ' ಅಂದ್ರೆ ಮೊದಲು ನೆನಪಾಗೋದು ಲಾರಿ. ಕಾಲ್ಹೇರ್, ಪೂರ್ಣಾ, ರಾಹನಾಳ್ ಕಡೆಯ ಗೋದಾಮುಗಳಲ್ಲಿ ಡ್ರೈವರ್ ಬಂದಿಲ್ಲ ಅಂತ ಯಾರೂ ಲಾರಿಯನ್ನೇ ಗುಜರಿಗೆ ಹಾಕೋಲ್ಲ. ಇನ್ನೊಬ್ಬನನ್ನ ಹುಡುಕ್ತಾರೆ. ಅದೇ ಗೋದಾಮಿನ ಆಫೀಸಿನಲ್ಲಿ ಸರ್ವರ್‌ನ ಡಿಸ್ಕಿಗೆ ಡ್ರೈವರ್ ಇಲ್ಲ ಅಂದ್ರೆ? ಮಷೀನನ್ನೇ ಗುಜರಿಗೆ ಹಾಕಿ ಅಂತಾರೆ! ನನ್ನ ಸಿಟ್ಟು ಈ ಮಾತಿನ ಮೇಲೆ.

ಈ ಕಡೆಯ ಆಫೀಸುಗಳ ಯುನಿಕ್ಸ್ ಮಷೀನುಗಳ ಜೊತೆ ಹೆಣಗೋಕೆ ಶುರುಮಾಡಿ ಇಪ್ಪತ್ತು ವರ್ಷ ದಾಟಿತು. ಎಸ್‌ಸಿಓ ಯುನಿಕ್ಸ್ ಕಾಲದಲ್ಲಿ ಸ್ಕಸಿ ಕಾರ್ಡಿನ ಡ್ರೈವರ್ ಫ್ಲಾಪಿಯಲ್ಲಿ ಬರ್ತಿತ್ತು. ಬೂಟ್ ಪ್ರಾಂಪ್ಟಿನಲ್ಲಿ 'ಲಿಂಕ್' ಅಂತ ಹೊಡೆದು ಫ್ಲಾಪಿ ಹಾಕಬೇಕು. ಇನ್ನೊಂದು ಡಿಸ್ಕ್ ಸೇರಿಸೋಕೆ 'ಎಂಕೆಡೆವ್ ಎಚ್‌ಡಿ' 2 ಸಲ: ಮೊದಲು ಕರ್ನೆಲ್ ರೀಲಿಂಕ್ ಮಾಡಿ ರೀಬೂಟ್, ಆಮೇಲೆ ಪಾರ್ಟಿಷನ್. ಕಿರಿಕಿರಿ ಹೌದು. ಆದರೆ ಫ್ಲಾಪಿ ಕಳೆದುಹೋದ್ರೆ 'ಫ್ಲಾಪಿ ಕಳೆದಿದೆ' ಅಂತಿದ್ರೇ ಹೊರತು 'ಡಿಸ್ಕ್ ಸತ್ತಿದೆ' ಅಂತಿರಲಿಲ್ಲ.

ಈಗ ನೋಡಿ. ನಾನು ಕಂಡ ಒಂದು ಗೋದಾಮಿನಲ್ಲಿ ಹೊಸ ಲಿನಕ್ಸ್ ಹಾಕೋಕೆ ಬಂದವನಿಗೆ ಇನ್‌ಸ್ಟಾಲರ್‌ನಲ್ಲಿ ಡಿಸ್ಕೇ ಕಾಣಲಿಲ್ಲ. 'ಕಂಟ್ರೋಲರ್ ಹೋಗಿದೆ, ಹೊಸ ಸರ್ವರ್ ತಗೊಳ್ಳಿ' ಅಂದುಬಿಟ್ಟ. ಅವತ್ತು ಬೆಳಿಗ್ಗೆವರೆಗೆ ಅದೇ ಡಿಸ್ಕಿನಿಂದ ಚಲನ್ ಪ್ರಿಂಟ್ ಆಗ್ತಿತ್ತು! ಹಾಗಾದ್ರೆ ಸತ್ತಿದ್ದು ಯಾವಾಗ?

2019ರ ಮೇನಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8ರಲ್ಲಿ ಹಳೆಯ ಹಲವು ಡಿಸ್ಕ್ ಡ್ರೈವರ್‌ಗಳನ್ನ ತೆಗೆದುಹಾಕಿದ್ರು. 3ವೇರ್ 9000 ಸರಣಿಯ ರೇಡ್ ಕಾರ್ಡಿನದು ಹೋಯಿತು, ಅಡಾಪ್ಟೆಕ್‌ನ ಹಳೇ ಸ್ಕಸಿ ಕಾರ್ಡಿನದೂ ಹೋಯಿತು. ಮೂಲ ಲಿನಕ್ಸ್ ಕರ್ನೆಲ್‌ನಲ್ಲಿ ಆಗಲೂ ಅವೆರಡೂ ಇದ್ದವು. ಅಂದ್ರೆ ಇದು 'ನಾವು ಬೆಂಬಲ ಕೊಡೋಲ್ಲ' ಅನ್ನೋ ಕಂಪನಿ ತೀರ್ಮಾನ ಅಷ್ಟೆ. ಕಾರ್ಡಿನ ಮರಣಪತ್ರ ಅಲ್ಲ.

ದಾರಿಯೂ ಇದೆ. ಮೊದಲು ಬ್ಯಾಕಪ್. ಆಮೇಲೆ 'ಎಲ್‌ಎಸ್‌ಪಿಸಿಐ -ಎನ್‌ಎನ್' ಹೊಡೆದು ಕಾರ್ಡಿನ ಐಡಿ ನಂಬರ್ ನೋಡಿ. ಕಾರ್ಡ್ ಅಲ್ಲಿ ಕಾಣಿಸ್ತಾ ಇದ್ರೆ ಇನ್ನೂ ಉಸಿರಾಡ್ತಿದೆ ಅಂತಲೇ ಅರ್ಥ. ಇಂಥ ಹಲವು ಡ್ರೈವರ್‌ಗಳನ್ನ ಇಎಲ್‌ರೆಪೋ ಅನ್ನೋ ಸ್ವಯಂಸೇವಕರ ಗುಂಪು ಮತ್ತೆ ಕಟ್ಟಿ ಪುಕ್ಕಟೆ ಕೊಡುತ್ತೆ. ಇನ್‌ಸ್ಟಾಲ್ ಮಾಡುವಾಗ ಬೂಟ್ ಸಾಲಿನಲ್ಲಿ 'ಇನ್‌ಸ್ಟ್.ಡಿಡಿ' ಸೇರಿಸಿ ಡ್ರೈವರ್ ಡಿಸ್ಕ್ ತೋರಿಸಬಹುದು. ಕರ್ನೆಲ್ ಬದಲಾದಾಗೆಲ್ಲ 'ಡ್ರಾಕಟ್'ನಿಂದ ಇನಿಟ್‌ರಾಮ್‌ಎಫ್‌ಎಸ್‌ಗೂ ಡ್ರೈವರ್ ಸೇರಿದೆಯಾ ನೋಡಿ. ಇಲ್ಲದಿದ್ರೆ ಬೂಟ್ ಡಿಸ್ಕ್ ಸಿಗದೆ ಮಷೀನ್ ಅರ್ಧದಲ್ಲೇ ನಿಲ್ಲುತ್ತೆ. 'ಎಫ್‌ಎಸ್‌ಟ್ಯಾಬ್'ನಲ್ಲಿ ಡಿಸ್ಕಿನ ಹೆಸರು ಬರೀಬೇಡಿ, ಅದು ಬದಲಾಗಬಹುದು. ಯುಯುಐಡಿ ಬರೀರಿ.

ಹಳೇದಕ್ಕೇ ಜೋತುಬೀಳಿ ಅಂತ ನಾನು ಹೇಳ್ತಿಲ್ಲ. ಡಿಸ್ಕಿನ ಸ್ಮಾರ್ಟ್ ವರದಿ ಕೆಟ್ಟಿದ್ರೆ, ಬದಲಿ ಕಾರ್ಡ್ ಸಿಗದಿದ್ರೆ ಧಾರಾಳವಾಗಿ ಬದಲಾಯಿಸಿ. ಆದರೆ ನಿಜವಾದ ಕಾರಣ ಹೇಳಿ. 'ಸತ್ತಿದೆ' ಅಂದರೆ ಸಣ್ಣ ಮಾಲೀಕ ಹೊಸ ಸರ್ವರ್‌ಗೆ ಸಾಲ ಮಾಡ್ತಾನೆ. ಹಳೇ ಡಿಸ್ಕ್ ಗುಜರಿಯವನ ತಕ್ಕಡಿಗೆ ಹೋಗುತ್ತೆ, ಅದರೊಳಗಿನ ವರ್ಷಗಟ್ಟಲೆಯ ಲೆಕ್ಕವೂ ಹೋಗುತ್ತೆ.

ಕಲ್ಯಾಣ, ಡೊಂಬಿವ್ಲಿಯಿಂದ ದಿನಾ ಇಲ್ಲಿಗೆ ಕೆಲಸಕ್ಕೆ ಬರೋ ನಮ್ಮ ಕನ್ನಡದ ಹುಡುಗರಿಗೆ ಒಂದೇ ಮಾತು. ವೆಂಡರ್‌ಗೆ ಬಿಲ್ ಕೊಡಿಸೋ ಮುಂಚೆ ಕಾರ್ಡಿನ ಐಡಿ, ಡ್ರೈವರ್ ಹೆಸರು, ವರ್ಷನ್ ಬರೆಸಿಕೊಂಡು ಆ ಚೀಟಿಯನ್ನ ಸರ್ವರ್ ಮೇಲೇ ಅಂಟಿಸಿ. ಬರೆದುಕೊಡೋಕೆ ಆಗದವನಿಗೆ 'ಸತ್ತಿದೆ' ಅನ್ನೋ ಹಕ್ಕಾದರೂ ಎಲ್ಲಿಂದ ಬಂತು, ನೀವೇ ಹೇಳಿ?