ರಾವಣನ ಮಾತು ಕೇಳಿದ್ರೆ ಮನೆ ಕೆಡ್ತದಾ?

ಅಕ್ಕಂದಿರೇ, ಅತ್ತಿಗೆಯರೇ, "ಆ ಪುಸ್ತಕ ಮನೇಲಿ ಇಟ್ಕಬ್ಯಾಡ" ಅಂತ ನನಗೆ ಬುದ್ಧಿ ಹೇಳಿದೋರು ಈ ಹದಿನೈದು ದಿನದಾಗೆ ನಾಲ್ಕು ಜನ ಆದ್ರಿ. ಒಬ್ಬೊಬ್ಬರಿಗೂ ಬಾಗಿಲಲ್ಲಿ ನಿಂತು ಉತ್ತರ ಹೇಳೋಕೆ ಆಗಲ್ಲ, ಒಲೆ ಮ್ಯಾಲೆ ಹಾಲು ಇರುತ್ತೆ. ಅದಕ್ಕೆ ಎಲ್ಲರಿಗೂ ಸೇರಿಸಿ ಇಲ್ಲೇ ಬರೀತಿದೀನಿ.

ಪುಸ್ತಕ ಯಾವುದು ಅಂತ ಗೊತ್ತಿಲ್ಲದೋರಿಗೆ ಹೇಳಿಬಿಡ್ತೀನಿ. ಹೆಸರು 'ಅಸುರ'. ಕೇರಳದ ಆನಂದ್ ನೀಲಕಂಠನ್ ಅನ್ನೋರು ಇಂಗ್ಲಿಷಿನಾಗೆ ಬರೆದ ಕಾದಂಬರಿ, 2012ರಲ್ಲಿ ಬಂದದ್ದು. ಐನೂರು ಪುಟದ ಹತ್ರ ಐತೆ. ಕತೆ ರಾಮಾಯಣಾನೇ, ಆದ್ರೆ ಹೇಳೋನು ರಾವಣ. ಯುದ್ಧಭೂಮೀಲಿ ಸೋತು ಬಿದ್ದು, ಜೀವ ಹೋಗೋ ಹೊತ್ನಾಗೆ 'ನಾನು' ಅಂತ ಶುರು ಮಾಡ್ತಾನೆ. ನಮ್ಮಕ್ಕನ ಮಗಳು ಶಿವಮೊಗ್ಗದಿಂದ ತಂದಿದ್ಲು. ಸೇವಾಲಾಲರ ಜಾತ್ರೆ ಮುಗಿದು, ಕೊಪ್ಪದಾಗೆ ಜನ ಕರಗಿದ ಮ್ಯಾಲೆ, ನಾವು ಹುಣಸೆಹಣ್ಣು ಬಿಡಿಸೋಕೆ ಕೂತಾಗ ಒಂದೊಂದು ಪುಟ ಓದಿ ನಮ್ಮ ಮಾತಿನಾಗೆ ಹೇಳ್ತಾ ಹೋದ್ಲು.

ದೊಡ್ಡಮ್ಮ ಎರಡನೇ ದಿನಕ್ಕೇ ಎದ್ದುಬಿಟ್ರು. "ದೀಪ ಹಚ್ಚೋ ಹೊತ್ನಾಗೆ ರಾಕ್ಷಸನ ಬಾಯಿಂದ ರಾಮನ ಮ್ಯಾಲಿನ ದೂರು ಕೇಳಬೇಕಾ?" ಅಂದ್ರು. ಎದುರುಮನೆ ಅತ್ತಿಗೆಗೆ ಬೇರೆ ಚಿಂತೆ, "ವಯಸ್ಸಿಗೆ ಬಂದ ಹುಡುಗಿ ತಲೆ ಕೆಡ್ತದೆ, ನಾಳೆ ನೋಡೋಕೆ ಬಂದ ಗಂಡಿನ ಕಡೆಯೋರಿಗೆ ಗೊತ್ತಾದ್ರೆ?" ಅಂತ. ಸಣ್ಣ ಹುಡುಗೀರು ಇದಕ್ಕೆ ಪೂರಾ ಉಲ್ಟಾ. "ಪಾಪ ರಾವಣ, ಎಂಥಾ ಗಂಡಸು!" ಅಂತ ಕಣ್ಣಾಗೆ ನೀರು ತಕ್ಕಂಡ್ರು.

ನನ್ನ ಜಗಳ ಎರಡೂ ಕಡೆಯೋರ ಮ್ಯಾಲೆ ಐತೆ.

ಮೊದಲು ದೊಡ್ಡಮ್ಮನಿಗೆ. ನೀವು ಬಯಲಾಟ ನೋಡಿದೋರು ತಾನೇ? ಸಾರಥಿ "ತಾವು ದಾರು?" ಅಂತ ಕೇಳ್ತಾನೆ, ರಾವಣ ಮೀಸೆ ತಿರುವ್ಕಂಡು, ಹಲಗೆ ಮುರಿಯಂಗೆ ಕುಣಿದು, ತನ್ನ ಪರಾಕು ತಾನೇ ಹೇಳ್ಕಂತಾನೆ. ಅವನು ಬರೋತನಕ ಕಂಬಳಿ ಹೊದ್ಕಂಡು ಕೂತು, ರಾಮ ಬಂದಾಗ ತೂಕಡಿಸಿದೋರನ್ನ ನಾನೇ ಕಂಡೀನಿ. ಹೆಸರು ಹೇಳಲ್ಲ. ಆಟದಾಗೆ ಕೇಳಿದ್ರೆ ಪುಣ್ಯ, ಪುಸ್ತಕದಾಗೆ ಕೇಳಿದ್ರೆ ಪಾಪ, ಇದು ಯಾವ ನ್ಯಾಯ?

ಆಟ ಬಿಡಿ, ಹಾಡು ನೋಡಿ. ಮೈಸೂರು ಸೀಮೆ ಹಾಡುಗಾರರ ಬಾಯಲ್ಲಿದ್ದ ರಾಮಾಯಣವನ್ನ ರಾಮೇಗೌಡ್ರು ಮತ್ತೆ ಅವರ ಜೊತೆಯೋರು ಸೇರಿಸಿ 1973ರಲ್ಲಿ 'ಜನಪದ ರಾಮಾಯಣ' ಅಂತ ಅಚ್ಚು ಹಾಕಿಸಿದ್ರು. ಅದರಾಗೆ ರಾವಣನ ಹೆಸರು ರಾವುಳ. ಮಕ್ಕಳಿಲ್ಲ ಅಂತ ತಪಸ್ಸು ಮಾಡ್ತಾನೆ, ಶಿವ ಒಂದು ಮಾವಿನಹಣ್ಣು ಕೊಡ್ತಾನೆ. ತಿರುಳು ಹೆಂಡ್ತಿಗೆ ಕೊಟ್ಟು, ವಾಟೆ ನಾನು ಚೀಪ್ತೀನಿ ಅಂತ ಮಾತು ಕೊಟ್ಟೋನು, ಮನೆಗೆ ಬಂದು ತಿರುಳೆಲ್ಲಾ ತಾನೇ ತಿಂದು ಮಂಡೋದರಿ ಕೈಗೆ ಬರೀ ವಾಟೆ ಕೊಡ್ತಾನೆ. (ನಗಬ್ಯಾಡ್ರಿ, ಎಲ್ಲರ ಮನೆಯಾಗೂ ನಡೆದದ್ದೇ.) ಆಮ್ಯಾಲೆ ಏನಾತು? ಅವನೇ ಬಸುರಿ ಆದ! ಒಂದು ದಿನಕ್ಕೆ ಒಂದು ತಿಂಗಳಿನಂಗೆ ಒಂಬತ್ತು ದಿನ ಹೊಟ್ಟೆ ಬೆಳೀತು, ಕೊನೆಗೆ ಸೀನಿದಾಗ ಮೂಗಿನಿಂದ ಕೂಸು ಬಂತು. ಅವನು ಸೀತ, ಅದಕ್ಕೇ ಕೂಸಿಗೆ ಸೀತೆ ಅಂತ ಹೆಸರು. ಈ ಹಾಡು ಕೇಳಿ ಯಾರ ಮನೆ ದೀಪಾನೂ ಆರಲಿಲ್ಲ. ಮೈಸೂರಿನವರೇ ಆದ ಎ.ಕೆ. ರಾಮಾನುಜನ್ ಇಂಥ ಹತ್ತಾರು ರಾಮಾಯಣದ ಮ್ಯಾಲೆ ಒಂದು ಪ್ರಬಂಧ ಬರೆದಿದ್ರು. ಅದನ್ನ ದಿಲ್ಲಿ ವಿಶ್ವವಿದ್ಯಾಲಯದೋರು 2011ರಲ್ಲಿ ಪಾಠದಿಂದ ತೆಗೆದು ಹಾಕಿದ್ರು. ಹಾಡಿದೋರಿಗೂ ಕೇಳಿದೋರಿಗೂ ಇಲ್ಲದ ಭಯ ಓದಿದೋರಿಗೆ ಬಂತು ನೋಡಿ.

ನಮ್ಮ ಪಕ್ಕದ ತೀರ್ಥಹಳ್ಳಿ ಕಡೆಯ ಕುವೆಂಪು ಅವರು 1949ರಲ್ಲೇ 'ಶ್ರೀರಾಮಾಯಣ ದರ್ಶನಂ'ನಾಗೆ ರಾವಣನ ಮನಸ್ಸು ಕೊನೆಗೆ ತಿರುಗೋದನ್ನ ಬರೆದ್ರು. ಅದಕ್ಕೆ ಜ್ಞಾನಪೀಠ ಬಂದಾಗ ನಾವೇ ಎದೆ ಉಬ್ಬಿಸಿದ್ವಿ.

ಈಗ ಹುಡುಗೀರ ಸರದಿ. ಕಣ್ಣೀರು ಒರೆಸ್ಕಳ್ರಿ. 'ಅಸುರ'ದಾಗೆ ರಾವಣ ಏನು ಹೇಳ್ತಾನೆ? ಸೀತೆ ನನ್ನ ಮಗಳು, ಕಾಡಿನಾಗೆ ಅಲೆಯೋದು ನೋಡೋಕೆ ಆಗದೆ ಕರ್ಕಂಡು ಬಂದೆ ಅಂತಾನೆ. ಎಷ್ಟು ಚೆನ್ನಾಗೈತೆ ಮಾತು! ಅಪ್ಪನ ಕರುಳು! ಮಗಳನ್ನ ಕೇಳಿದ್ನಾ? ಕೂಸಿದ್ದಾಗ ಅವನ ಅರಮನೆಯೋರು ಅವಳನ್ನ ದೂರ ಮಾಡಿದ್ರು, ಬೆಳೆದ ಮ್ಯಾಲೆ ಇವನು ಎಳ್ಕಂಡು ಬಂದ. ಎರಡು ಸಲಾನೂ 'ನಿನ್ನ ಮನಸ್ಸಿನಾಗೆ ಏನೈತವ್ವ?' ಅಂತ ಒಬ್ಬರೂ ಕೇಳಲಿಲ್ಲ. ಮಗಳ ಒಳ್ಳೇದಕ್ಕೇ ಮಾಡಿದೆ ಅನ್ನೋ ಅಪ್ಪಂದಿರು ಲಂಕೆಯಾಗೆ ಮಾತ್ರ ಇದ್ರಾ?

ಅದೇ ಪುಸ್ತಕದಾಗೆ ಕತೆ ಹೇಳೋ ಇನ್ನೊಬ್ಬನೂ ಅದಾನೆ, ಭದ್ರ ಅಂತ. ರಾವಣನ ಕುಲದವನೇ, ಅವನ ಸೇವೆ ಮಾಡಿ ಸವೆದೋನು. ರಾಜ್ಯ ಬಂದ್ರೂ ಹೋದ್ರೂ ಅವನ ಪಾಡು ಬದಲಾಗಲಿಲ್ಲ. ಹುಡುಗೀರು ಅವನ ಪುಟ ಬಂದಾಗ "ಬೇಗ ಮುಗಿಸೇ" ಅಂತಿದ್ರು. ರಾವಣನ ಮಾತಿಗೆ ಸಾಕ್ಷಿ ಹೇಳೋಕೆ ಬಂದೋನನ್ನೇ ಬಾಗಿಲಿಂದ ಕಳಿಸಿ, ಆಮ್ಯಾಲೆ ಪಾಪ ಅಂದ್ರೆ ಹೆಂಗೆ?

"ರಾವಣನಂಥ ಅಣ್ಣ ಇರಬೇಕು, ತಂಗಿಗೋಸ್ಕರ ಯುದ್ಧಕ್ಕೆ ನಿಂತ" ಅನ್ನೋ ಸಂದೇಶ ಎಲ್ಲರ ಮೊಬೈಲಿಗೂ ಬಂದೈತೆ. ಶೂರ್ಪನಖಿ ಗಂಡ ವಿದ್ಯುಜ್ಜಿಹ್ವನನ್ನ ಕೊಂದೋನು ಯಾರು ಅಂತ ಕಳಿಸಿದೋರಿಗೆ ಗೊತ್ತಾ? ಇದೇ ಅಣ್ಣ. ಉತ್ತರಕಾಂಡದಾಗೆ ಐತೆ. ಅತ್ಕಂಡು ಬಂದ ತಂಗಿಯನ್ನ ಸಮಾಧಾನ ಮಾಡಿ ಖರನ ಜೊತೆ ದಂಡಕಾರಣ್ಯಕ್ಕೆ ಕಳಿಸಿದ.

ಅತ್ತಿಗೇ, ಈಗ ನಿಮ್ಮ ಮಾತಿಗೆ ಬರ್ತೀನಿ, ಯಾಕಂದ್ರೆ ನನಗೆ ಹೆಚ್ಚು ಸಂಕಟ ಆಗಿದ್ದು ಅದರಿಂದ. ನ್ಯಾಯಕ್ಕೆ ಕೂರಿಸಿದಾಗ ನೋಡೀರಲ್ಲ. ಹೊಡೆದೋನು ಎಷ್ಟು ನಯವಾಗಿ ಮಾತಾಡ್ತಾನೆ! ಕೆಲಸದ ಬ್ಯಾಸರ, ಸಾಲದ ಚಿಂತೆ, ಅವಳು ಎದುರು ಮಾತಾಡಿದ್ಲು, ಪ್ರೀತಿ ಇದ್ದಿದ್ದಕ್ಕೇ ಕೈ ಎತ್ತಿದೆ. ಹಿರೇರು ತಲೆದೂಗ್ತಾರೆ. ಅವಳು ಅಡಿಗೆಮನೆ ಬಾಗಿಲಿಗೆ ಒರಗಿ ನಿಂತಿರ್ತಾಳೆ. ನಮ್ಮ ಹುಡುಗಿಗೆ ಕೋರೆಹಲ್ಲು, ಕೊಂಬು ಇರೋನೇ ರಾಕ್ಷಸ ಅಂತ ಹೇಳಿ ಬೆಳೆಸಿದ್ರೆ, ಇಸ್ತ್ರಿ ಮಾಡಿದ ಶರ್ಟು ಹಾಕ್ಕಂಡು "ನಾನು" ಅಂತ ಶುರು ಮಾಡೋನ ಮುಂದೆ ಏನು ಮಾಡ್ತಾಳೆ? ಐನೂರು ಪುಟ ಅವನ ಮಾತು ಕೇಳಿ, ನಡುನಡುವೆ "ಇಲ್ಲಿ ಸುಳ್ಳು ಹೇಳ್ತಿದಾನೆ ಚಿಕ್ಕಮ್ಮ" ಅಂತ ಬೆರಳಿಟ್ಟು ತೋರಿಸಿದ್ಲಲ್ಲ ಅವಳು, ಆ ಬೆರಳು ನನಗೆ ಬೇಕು. ಗಂಡಿನ ಕಡೆಯೋರು ಬರಲಿ, ಕಾಫಿ ಜೊತೆ ಪುಸ್ತಕಾನೂ ತೋರಿಸ್ತೀನಿ.

ಬರೆದೋರ ಮ್ಯಾಲೂ ನನ್ನದೊಂದು ದೂರೈತೆ. ಸೋತೋರ ಕತೆ ಅಂತ ಹೇಳಿ, ಅಷ್ಟು ಪುಟದಾಗೂ ಮಾತಾಡಿದ್ದು ಇಬ್ಬರು ಗಂಡಸರೇ. ಮಂಡೋದರಿಗೆ ಒಂದು ಅಧ್ಯಾಯ ಬ್ಯಾಡವಾ? ವಾಟೆ ಚೀಪಿದೋಳು ಅವಳು, ಹಣ್ಣಿನ ಕತೆ ಅವಳ ಬಾಯಲ್ಲಿ ಕೇಳಿದ್ರೆ ಹೆಂಗಿರ್ತಿತ್ತು!

ಪುಸ್ತಕ ನಮ್ಮನೇಲೇ ಇರುತ್ತೆ. ದೇವರ ಗೂಡಿನಾಗೆ ಅಲ್ಲ ದೊಡ್ಡಮ್ಮ, ಟೀವಿ ಪಕ್ಕ. ಬೇಕಾದೋರು ತಗಂಡು ಹೋಗ್ರಿ, ಅರಿಶಿನದ ಕೈ ಮಾತ್ರ ತೊಳ್ಕಂಡು ಮುಟ್ರಿ.