ಪಲ್ಲವಿ ಬರಿಯ ಪುನರುಕ್ತಿಯೆ?

ಛಂದಸ್ಸನ್ನು ಕಾವ್ಯದ ಪಾಠದಿಂದ ಬೇರ್ಪಡಿಸಿ ಕೆಲವು ಅಂಕಗಳ ಪ್ರಶ್ನೆಯಾಗಿ ಪರೀಕ್ಷೆಗೆ ಕಟ್ಟಿಹಾಕಿರುವುದು ನಮ್ಮ ತರಗತಿಗಳಿಗೆ ಒದಗಿದ ದೊಡ್ಡ ನಷ್ಟ. ವಿದ್ಯಾರ್ಥಿ ಪ್ರಸ್ತಾರ ಹಾಕುತ್ತಾನೆ, ಗಣ ವಿಂಗಡಿಸುತ್ತಾನೆ, ಛಂದಸ್ಸಿನ ಹೆಸರು ಬರೆದು ಅಡಿಗೆರೆ ಎಳೆಯುತ್ತಾನೆ. ಕವಿ ಹೀಗೇಕೆ ಮಾಡಿದನೆಂದು ಅವನೂ ಕೇಳುವುದಿಲ್ಲ, ನಾವೂ ಕೇಳಿಸುವುದಿಲ್ಲ. ಕೇಳಿದರೆ ಏನು ದೊರೆತೀತೆಂಬುದಕ್ಕೆ ಎಲ್ಲರೂ ಬಲ್ಲ ಕವಿತೆಯೊಂದನ್ನೇ ನೋಡಬಹುದು: ಬೇಂದ್ರೆಯವರ ‘ಗರಿ’ (1932) ಸಂಕಲನದ ‘ಹಕ್ಕಿ ಹಾರುತಿದೆ ನೋಡಿದಿರಾ’.

ಇಲ್ಲಿ ಕಾಲವೇ ಹಕ್ಕಿ. ನಡೆ 4 ಮಾತ್ರೆಯ ಗಣಗಳದು. ಮೊದಲ ಪದ್ಯದಲ್ಲಿ ‘ಗಾವುದ’ ಎಂಬ ಮಾತು ಒಂದರ ಬೆನ್ನಿಗೊಂದು ಮೂರು ಸಲ ಬರುತ್ತದೆ. ಆ ಮಾತು ತಾನೇ ಒಂದು ಪೂರ್ಣ ಗಣ. ದೂರವನ್ನು ನಮ್ಮ ಕಿವಿಯೇ ಅಳೆದುಬಿಡುತ್ತದೆ. ಪ್ರಾಸವಿರುವುದು ಬಹುಮಟ್ಟಿಗೆ 1, 2, 4ನೆಯ ಸಾಲುಗಳ ಕೊನೆಯಲ್ಲಿ. ಮೂರನೆಯದು ಬಿಡಿಯಾಗಿ ನಿಂತು ಕಿವಿಯನ್ನು ಕಾಯಿಸುತ್ತದೆ.

ಶೀರ್ಷಿಕೆಯ ಮಾತೇ ಪ್ರತಿ ಪದ್ಯದ ಪಲ್ಲವಿ. ಅದಕ್ಕೆ ಪ್ರಸ್ತಾರ ಹಾಕಿ ನೋಡಿ. ‘ಹಕ್ಕಿ’ಗೆ 3 ಮಾತ್ರೆ, ‘ಹಾರುತಿದೆ’ಗೆ 5. ನಾಲ್ಕರ ಗಡಿ ಸರಿಯಾಗಿ ‘ಹಾ’ ಎಂಬ ಗುರುವಿನ ನಡುವೆ ಬೀಳುತ್ತದೆ. ಹಾರಾಟದ ಮಾತು ಗಣದ ಮೇರೆಯನ್ನೇ ಹಾರಿ ಆಚೆಗೆ ಹೋಗುತ್ತದೆ! ಮಂದಾನಿಲ ರಗಳೆಯಲ್ಲಿ 3, 5ರ ಜೋಡಿಗೆ ಹಿಂದಿನಿಂದಲೂ ಎಡೆಯುಂಟು. ಆ ಹಳೆಯ ಸಲಿಗೆಗೆ ಬೇಂದ್ರೆಯವರು ಹೊಸ ಕೆಲಸ ಕೊಟ್ಟರು.

ಪಲ್ಲವಿಯನ್ನು ಬರಿಯ ಪುನರುಕ್ತಿ ಎನ್ನುವವರು ವ್ಯಾಕರಣದ ಕಡೆಗೂ ಕಣ್ಣು ಹಾಯಿಸಬೇಕು. ಎರಡನೆಯ, ಮೂರನೆಯ ಪದ್ಯಗಳಲ್ಲಿ ನಾಲ್ಕನೆಯ ಸಾಲಿಗೇ ವಾಕ್ಯ ಮುಗಿಯುತ್ತದೆ. ಪಲ್ಲವಿ ಬೇರೆಯಾಗಿ ಬಂದು ಕೇಳುತ್ತದೆ. ಸಾಮ್ರಾಜ್ಯಗಳೂ ಯುಗಗಳೂ ಉರುಳುವ ನಡುವಿನ ಪದ್ಯಗಳಲ್ಲಿ ಹಾಗಲ್ಲ. ಅಲ್ಲಿ ಸಾಲುಗಳೆಲ್ಲ ಕೃದಂತಾವ್ಯಯಗಳಲ್ಲಿ ನೇತಾಡುತ್ತವೆ, ಪೂರ್ಣ ಕ್ರಿಯಾಪದ ದೊರೆಯುವುದು ಪಲ್ಲವಿಯಲ್ಲಿಯೇ. ಅದನ್ನು ಕಿತ್ತರೆ ವಾಕ್ಯವೇ ಕುಸಿಯುತ್ತದೆ. ಅಕ್ಷರಗಳು ಅವೇ, ಹೊರುವ ಭಾರ ಮಾತ್ರ ಬೇರೆ.

ಇನ್ನೊಂದು ಮಾತು. ನಾಲ್ಕು ಗಣ ತುಂಬಲು 16 ಮಾತ್ರೆ ಬೇಕು; ಪಲ್ಲವಿಯಲ್ಲಿರುವುದು 14. ಉಳಿದೆರಡು ಮಾತ್ರೆಗಳ ಮೌನ, ಪ್ರಶ್ನೆ ಕೇಳಿಸಿಕೊಂಡವರ ಪಾಲಿನದು. ರಾಗ ಹಾಕಿ ಹಾಡುವವರು ಆ ಎಡೆಯನ್ನು ಆಲಾಪದಿಂದ ತುಂಬುತ್ತಾರೆ. ಕೇಳಲು ಇಂಪಾಗಿರಬಹುದು, ಆದರೆ ನನಗಂತೂ ಹಿಡಿಸದು. ತರಗತಿಯಲ್ಲಾದರೂ ಕವಿತೆಯನ್ನು ಗಟ್ಟಿಯಾಗಿ ಓದಿ, ಅಲ್ಲಿ ಒಂದು ಕ್ಷಣ ಸುಮ್ಮನಿರಬಾರದೆ?